ಚಿಪ್ ಬೆಲೆ ಬಿದ್ದಾಗಲೆಲ್ಲ ಯಾರು ಮುಳುಗಿದರು? ಮೆಮೊರಿ ಚಿಪ್‌ನ ನಲವತ್ತು ವರ್ಷದ ಕಥೆ

ಶುರು ಮಾಡೋ ಮೊದಲು ಒಂದು ಚಿಕ್ಕ ಕೆಲಸ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ. 'ಅಬೌಟ್ ಫೋನ್' ಅಂತ ಇರುತ್ತಲ್ಲ, ಅದನ್ನ ಒತ್ತಿ. ರ‍್ಯಾಮ್ ಎಷ್ಟಿದೆ ನೋಡಿ. 8 ಜಿಬಿ ಇದೆ ಅಂತ ಇಟ್ಕೊಳ್ಳೋಣ.

ಈಗ ಒಂದು ಲೆಕ್ಕ. 1985ರ ಸುಮಾರಿಗೆ ಕಂಪ್ಯೂಟರ್‌ಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಮೆಮೊರಿ ಚಿಪ್‌ಗೆ '64ಕೆ' ಅಂತ ಹೆಸರು. ಒಂದು ಚಿಪ್‌ನಲ್ಲಿ 65,536 ಬಿಟ್ ಮಾಹಿತಿ ಹಿಡಿಯುತ್ತಿತ್ತು. ನಿಮ್ಮ ಫೋನಿನ 8 ಜಿಬಿಗೆ ಸಮ ಆಗಬೇಕು ಅಂದ್ರೆ ಅಂಥ 10,48,576 ಚಿಪ್ ಬೇಕು. ಹೊರೋಕೆ ಒಂದು ಟೆಂಪೊ ಬೇಕಾಗುತ್ತಿತ್ತು. ಒಂದು ಚಿಪ್‌ಗೆ ಒಂದೇ ಡಾಲರ್ ಅಂದ್ರೂ ಹತ್ತು ಲಕ್ಷ ಡಾಲರ್ ಮೇಲಾಯ್ತು. ಅದೂ ಬೆಲೆ ಪಾತಾಳಕ್ಕೆ ಬಿದ್ದ ವರ್ಷದ ರೇಟು!

ಅಷ್ಟು ದುಬಾರಿ ಇದ್ದದ್ದು ಇವತ್ತು ಜೇಬಿನಲ್ಲಿ ಹೇಗೆ ಬಂತು? ಎಂಜಿನಿಯರ್‌ಗಳ ಜಾಣತನದಿಂದ ಅಂತ ಎಲ್ಲರೂ ಹೇಳ್ತಾರೆ. ಅದು ನಿಜ. ಕೆಲವೇ ವರ್ಷಕ್ಕೊಮ್ಮೆ ಅದೇ ಗಾತ್ರದ ಸಿಲಿಕಾನ್ ತುಂಡಿನಲ್ಲಿ ನಾಲ್ಕು ಪಟ್ಟು ಮಾಹಿತಿ ತುಂಬುತ್ತಾ ಬಂದರು. ಆದರೆ ಕಥೆಗೆ ಇನ್ನೊಂದು ಅರ್ಧ ಇದೆ, ಅದನ್ನ ಯಾರೂ ಅಷ್ಟಾಗಿ ಹೇಳೋದಿಲ್ಲ. ಈ ವ್ಯಾಪಾರದಲ್ಲಿ ಮತ್ತೆ ಮತ್ತೆ ಅಗತ್ಯಕ್ಕಿಂತ ಜಾಸ್ತಿ ಮಾಲು ಬಂತು. ತಯಾರಿಸೋ ಖರ್ಚಿಗಿಂತ ಕೆಳಗೆ ಬೆಲೆ ಇಳಿಯಿತು. ಪ್ರತಿ ಸಲವೂ ಒಂದಷ್ಟು ಕಂಪನಿಗಳು ಸತ್ತವು, ಒಂದಷ್ಟು ಊರುಗಳು ಕೆಲಸ ಕಳೆದುಕೊಂಡವು. ಇವತ್ತಿನ ಸಂಚಿಕೆಯಲ್ಲಿ ಆ ಅರ್ಧ ಕಥೆ ಹೇಳ್ತೀನಿ.

ಟೊಮೆಟೊ ಲೆಕ್ಕ, ಚಿಪ್ ಲೆಕ್ಕ

ಮೊದಲು ಈ ಚಿಪ್ ಏನು ಅಂತ ಎರಡು ಮಾತು. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಅನ್ನೋ ಎಂಜಿನಿಯರ್‌ಗೆ 1968ರಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಒಂದು ಬಿಟ್ ಮಾಹಿತಿ ಇಡೋಕೆ ಒಂದೇ ಒಂದು ಟ್ರಾನ್ಸಿಸ್ಟರ್ ಸಾಕು ಅನ್ನೋದು ಅವರ ಉಪಾಯ. ಇದಕ್ಕೆ ಡಿ-ರ‍್ಯಾಮ್ ಅಂತಾರೆ. ನಿಮ್ಮ ಫೋನಿನಲ್ಲಿ ಇರೋದು ಅದರ ಮೊಮ್ಮಗ. 1970ರಲ್ಲಿ ಇಂಟೆಲ್ ಕಂಪನಿ 1103 ಅನ್ನೋ ಚಿಪ್ ಮಾರುಕಟ್ಟೆಗೆ ಬಿಟ್ಟಿತು. ಅದರ ಸಾಮರ್ಥ್ಯ ಬರೀ 1,024 ಬಿಟ್. ಎರಡೇ ವರ್ಷದಲ್ಲಿ ಅದು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಮೆಮೊರಿ ಚಿಪ್ ಆಯಿತು. ಇಂಟೆಲ್ ಅಂದ್ರೆ ಪ್ರೊಸೆಸರ್ ಅಂತ ನಾವು ಅಂದ್ಕೋತೀವಿ. ಆ ಕಂಪನಿ ದುಡ್ಡು ಮಾಡಲು ಶುರು ಮಾಡಿದ್ದು ಮೆಮೊರಿ ಚಿಪ್ ಮಾರಿ.

ಈಗ ಈ ವ್ಯಾಪಾರದ ಗುಟ್ಟು ನೋಡಿ. ಪ್ರೊಸೆಸರ್‌ಗಳು ಒಂದೊಂದು ಕಂಪನಿದು ಒಂದೊಂದು ಥರ. ಒಂದನ್ನ ತೆಗೆದು ಇನ್ನೊಂದನ್ನ ಹಾಕೋಕೆ ಆಗೋದಿಲ್ಲ. ಮೆಮೊರಿ ಚಿಪ್ ಹಾಗಲ್ಲ. ಅಳತೆ, ಕಾಲು, ಸಾಮರ್ಥ್ಯ ಎಲ್ಲ ಒಂದೇ ನಮೂನೆ. ಜಪಾನಿನದು ತೆಗೆದು ಕೊರಿಯಾದ್ದು ಹಾಕಿದರೂ ಕಂಪ್ಯೂಟರ್‌ಗೆ ಗೊತ್ತಾಗೋದಿಲ್ಲ. ಕೊಳ್ಳುವವನು ಕೇಳೋದು ಒಂದೇ: ಯಾರದು ಅಗ್ಗ? ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರೋರ ಹತ್ತಿರ ರ‍್ಯಾಮ್ ರೇಟು ಕೇಳಿ, 'ಇವತ್ತಿನ ರೇಟು ಇಷ್ಟು' ಅಂತಾರೆ. ತರಕಾರಿ ಅಂಗಡಿಯ ಮಾತು ಅದು.

ಹೋಲಿಕೆ ಸುಮ್ಮನೆ ಕೊಟ್ಟಿದ್ದಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆ ನಿಮಗೆ ಗೊತ್ತು. ಈ ಸಲ ಬಾಕ್ಸ್‌ಗೆ ಒಳ್ಳೇ ರೇಟು ಬಂತು ಅಂದ್ರೆ ಎಲ್ಲರೂ ಟೊಮೆಟೊ ನಾಟಿ ಮಾಡ್ತಾರೆ. ಎರಡು ಮೂರು ತಿಂಗಳಲ್ಲಿ ಎಲ್ಲರ ಫಸಲೂ ಒಟ್ಟಿಗೆ ಬರುತ್ತೆ. ಬೆಲೆ ಕುಸಿಯುತ್ತೆ, ಟೊಮೆಟೊ ರಸ್ತೆಗೆ ಬೀಳುತ್ತೆ. ಚಿಪ್ ಕಥೆಯೂ ಇದೇ. ಆದರೆ ಎರಡು ವ್ಯತ್ಯಾಸ ಇದೆ, ಎರಡೂ ಚಿಪ್‌ನವರಿಗೆ ಇನ್ನೂ ಕೆಟ್ಟದ್ದು.

ಮೊದಲನೆಯದು ಸಮಯ. ಚಿಪ್ ಮಾಡೋ ಕಾರ್ಖಾನೆಗೆ ಫ್ಯಾಬ್ ಅಂತಾರೆ. ಅದನ್ನ ಕಟ್ಟಿ, ಯಂತ್ರ ಕೂರಿಸಿ, ಪೂರ್ತಿ ಉತ್ಪಾದನೆ ಶುರುವಾಗೋಕೆ ಸಾಮಾನ್ಯವಾಗಿ ಎರಡು ವರ್ಷ ಬೇಕು. ಈ ವರ್ಷದ ರೇಟು ನೋಡಿ ಹಾಕಿದ ದುಡ್ಡಿನ ಫಸಲು ಇನ್ನೆರಡು ವರ್ಷಕ್ಕೆ ಬರುತ್ತೆ. ಅಷ್ಟೊತ್ತಿಗೆ ಪಕ್ಕದವನದ್ದೂ ಬಂದಿರುತ್ತೆ.

ಎರಡನೆಯದು ಖರ್ಚು. ಟೊಮೆಟೊ ಬೆಲೆ ಬಿದ್ದರೆ, ಕೀಳೋ ಕೂಲಿಯೂ ಹುಟ್ಟೋದಿಲ್ಲ ಅಂತ ರೈತ ಗಿಡದಲ್ಲೇ ಬಿಟ್ಟುಬಿಡಬಹುದು. ಫ್ಯಾಬ್‌ನಲ್ಲಿ ದೊಡ್ಡ ಖರ್ಚು ಯಂತ್ರಗಳದ್ದು, ಅದು ಆಗಲೇ ಆಗಿಹೋಗಿದೆ. ಸಾಲದ ಬಡ್ಡಿ ಓಡ್ತಾ ಇದೆ. ಒಂದೊಂದು ಚಿಪ್‌ಗೆ ಹೆಚ್ಚುವರಿಯಾಗಿ ತಗಲೋದು ಕರೆಂಟು, ಕೆಮಿಕಲ್, ಸಿಲಿಕಾನ್ ಅಷ್ಟೇ. ಆ ಚಿಲ್ಲರೆ ಖರ್ಚಿಗಿಂತ ಒಂದು ಪೈಸೆ ಹೆಚ್ಚು ಸಿಕ್ಕಿದರೂ ಮಾರೋದೇ ವಾಸಿ. ಜೊತೆಗೆ, ಎಷ್ಟು ಹೆಚ್ಚು ಮಾಡ್ತೀರೋ ಅಷ್ಟು ಕೈ ಪಳಗುತ್ತೆ, ಕೆಟ್ಟುಹೋಗೋ ಚಿಪ್ ಕಡಿಮೆ ಆಗುತ್ತೆ. ಹಾಗಾಗಿ ಬೆಲೆ ಬಿದ್ದಾಗ ಯಾರೂ ಯಂತ್ರ ನಿಲ್ಲಿಸೋದಿಲ್ಲ. 'ಅವನು ನಿಲ್ಲಿಸಲಿ, ಆಮೇಲೆ ನಾನು' ಅಂತ ಎಲ್ಲರೂ ಕಾಯ್ತಾರೆ. ಕೊನೆಗೆ ನಿಲ್ಲಿಸೋದು ದಿವಾಳಿ ಆದವನು.

1985: ಅಮೆರಿಕ ಬಿದ್ದ ವರ್ಷ

ಇದು ಮೊದಲ ಸಲ ದೊಡ್ಡದಾಗಿ ನಡೆದಿದ್ದು 1985ರಲ್ಲಿ. ಹಿನ್ನೆಲೆ ಹೀಗಿದೆ. 1976ರಿಂದ 1980ರವರೆಗೆ ಜಪಾನ್ ಸರ್ಕಾರ ತನ್ನ ಐದು ದೊಡ್ಡ ಕಂಪನಿಗಳನ್ನ ಒಂದೇ ಸಂಶೋಧನಾ ಯೋಜನೆಯಲ್ಲಿ ಕೂರಿಸಿತ್ತು: ಫುಜಿತ್ಸು, ಹಿಟಾಚಿ, ಮಿತ್ಸುಬಿಷಿ, ಎನ್‌ಇಸಿ, ತೋಷಿಬಾ. ಅದರ ಫಲ ಬೇಗನೇ ಕಂಡಿತು. 1980ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಅಧಿಕಾರಿಯೊಬ್ಬರು ವಾಷಿಂಗ್ಟನ್‌ನಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಓದಿದರು. ಜಪಾನಿನ ಚಿಪ್‌ಗಳು ಅಮೆರಿಕದವಕ್ಕಿಂತ ತುಂಬಾ ಕಡಿಮೆ ಕೆಡುತ್ತಿದ್ದವು. ಸಭೆಯಲ್ಲಿದ್ದ ಅಮೆರಿಕದ ಚಿಪ್ ಕಂಪನಿಗಳವರಿಗೆ ಅದು ಕಪಾಳಕ್ಕೆ ಹೊಡೆದ ಹಾಗಾಯ್ತು.

1983, 84ರಲ್ಲಿ ಪರ್ಸನಲ್ ಕಂಪ್ಯೂಟರ್ ಭರಾಟೆ. ಎಲ್ಲರೂ ಫ್ಯಾಬ್ ಕಟ್ಟಿದರು. 1985ಕ್ಕೆ ಕಂಪ್ಯೂಟರ್ ಮಾರಾಟದ ಓಟ ನಿಧಾನವಾಯ್ತು, ಚಿಪ್ ಮಾತ್ರ ಬರ್ತಾನೇ ಇತ್ತು. 1984ರಲ್ಲಿ 4 ಡಾಲರ್ ಹತ್ತಿರ ಇದ್ದ 64ಕೆ ಚಿಪ್ 1985ರ ಮಧ್ಯಕ್ಕೆ 1 ಡಾಲರ್‌ಗಿಂತ ಕೆಳಗೆ ಹೋಯಿತು. ಆಗ ಹಿಟಾಚಿಯ ಅಮೆರಿಕದ ಘಟಕದ ಒಂದು ಟಿಪ್ಪಣಿ ಹೊರಬಿತ್ತು. ಎದುರಾಳಿ ಎಷ್ಟು ಹೇಳಿದರೂ ಶೇ. 10 ಕಡಿಮೆಗೆ ಕೊಡಿ, ಆರ್ಡರ್ ಸಿಗೋವರೆಗೂ ಇಳಿಸ್ತಾ ಹೋಗಿ, ನಿಮ್ಮ ಲಾಭಕ್ಕೆ ನಾವು ಜವಾಬ್ದಾರಿ ಅನ್ನೋದು ಮಾರಾಟಗಾರರಿಗೆ ಕೊಟ್ಟ ಆ ಸೂಚನೆಯ ಸಾರ.

ಸಿಲಿಕಾನ್ ವ್ಯಾಲಿಯಲ್ಲಿ ಇಂಟೆಲ್‌ನ ಆಂಡಿ ಗ್ರೋವ್ ಮತ್ತು ಗಾರ್ಡನ್ ಮೂರ್ ಕೂತು ಯೋಚಿಸಿದರು. ನಮ್ಮನ್ನ ತೆಗೆದುಹಾಕಿ ಹೊಸ ಮುಖ್ಯಸ್ಥನನ್ನ ತಂದರೆ ಅವನು ಮೊದಲು ಏನು ಮಾಡ್ತಾನೆ ಅಂತ ಗ್ರೋವ್ ಕೇಳಿದರಂತೆ. ಮೆಮೊರಿ ವ್ಯಾಪಾರ ಬಿಟ್ಟುಬಿಡ್ತಾನೆ ಅಂದರಂತೆ ಮೂರ್. ಹಾಗಿದ್ದರೆ ನಾವೇ ಬಿಡೋಣ ಅಂತ ತೀರ್ಮಾನ ಆಯ್ತು. 1985ರಲ್ಲಿ ಇಂಟೆಲ್, ತನ್ನನ್ನು ಬೆಳೆಸಿದ ಡಿ-ರ‍್ಯಾಮ್‌ನಿಂದಲೇ ಹೊರಬಂತು. ಮ್ಯಾನೇಜ್‌ಮೆಂಟ್ ಪುಸ್ತಕಗಳು ಇದನ್ನ ಧೈರ್ಯದ ಕಥೆಯಾಗಿ ಹೇಳ್ತವೆ. ಅದರ ಜೊತೆಗೆ ಓದಬೇಕಾದ ಸಾಲು: 1986ರಲ್ಲಿ ಇಂಟೆಲ್‌ಗೆ 17 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ, ಹಲವು ಘಟಕಗಳು ಬಂದ್, ಸಾವಿರಾರು ಜನ ಮನೆಗೆ.

ಇಂಟೆಲ್ ಉಳೀತು. ಟೆಕ್ಸಾಸ್‌ನ ಮೋಸ್ಟೆಕ್ ಉಳಿಯಲಿಲ್ಲ. 70ರ ದಶಕದ ಕೊನೆಯಲ್ಲಿ ಡಿ-ರ‍್ಯಾಮ್ ಲೋಕದ ರಾಜ ಅದು. 1979ರಲ್ಲಿ ಒಂದು ದೊಡ್ಡ ಕಂಪನಿ ಅದನ್ನ ಸುಮಾರು 34 ಕೋಟಿ ಡಾಲರ್‌ಗೆ ಕೊಂಡಿತ್ತು. 1985ರಲ್ಲಿ ಬಾಗಿಲು ಹಾಕಿ, ಉಳಿದದ್ದನ್ನ ಸುಮಾರು 7 ಕೋಟಿಗೆ ಫ್ರಾನ್ಸ್‌ನ ಥಾಮ್ಸನ್ ಕಂಪನಿಗೆ ಮಾರಿತು.

ಇನ್ನೊಂದು ಕಂಪನಿಯ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯವರೆಗೂ ಬರುತ್ತೆ: ಮೈಕ್ರಾನ್. ಮೋಸ್ಟೆಕ್‌ನಲ್ಲಿ ಕೆಲಸ ಮಾಡಿದ್ದ ಕೆಲವರು ಸೇರಿ 1978ರಲ್ಲಿ ಐಡಹೊ ರಾಜ್ಯದ ಬಾಯ್ಸಿ ಊರಿನಲ್ಲಿ, ಒಬ್ಬ ದಂತವೈದ್ಯರ ಕ್ಲಿನಿಕ್‌ನ ನೆಲಮಾಳಿಗೆಯಲ್ಲಿ ಶುರು ಮಾಡಿದ್ದು. ಅದಕ್ಕೆ ದುಡ್ಡು ಹಾಕಿದವರಲ್ಲಿ ಮುಖ್ಯ ಜೆ. ಆರ್. ಸಿಂಪ್ಲಾಟ್. ಮೆಕ್‌ಡೊನಾಲ್ಡ್ಸ್‌ಗೆ ಫ್ರೋಜನ್ ಫ್ರೆಂಚ್ ಫ್ರೈಸ್ ಕೊಡುತ್ತಿದ್ದ ಆಲೂಗಡ್ಡೆ ಸಾಹುಕಾರ! ಆಲೂಗಡ್ಡೆ ರೇಟಿನ ಏರಿಳಿತದಲ್ಲಿ ಜೀವನ ಕಳೆದವನಿಗೆ ಈ ಚಿಪ್ ವ್ಯಾಪಾರ ಅರ್ಥ ಆಗಿರಬೇಕು ಅಂತ ನನಗನ್ನಿಸುತ್ತೆ. 1985ರಲ್ಲಿ ಮೈಕ್ರಾನ್ ಸುಮಾರು ಅರ್ಧದಷ್ಟು ಕೆಲಸಗಾರರನ್ನ ತೆಗೆಯಿತು. ಜಪಾನಿನವರು ಖರ್ಚಿಗಿಂತ ಕಡಿಮೆಗೆ ಮಾಲು ಸುರೀತಿದ್ದಾರೆ ಅಂತ ಅಮೆರಿಕ ಸರ್ಕಾರಕ್ಕೆ ದೂರು ಕೊಟ್ಟಿತು.

ಇಲ್ಲಿ ಒಂದು ಮಾತು. ಅಮೆರಿಕದವರು ಹೇಳಿದ ಕಥೆ 'ಜಪಾನ್ ಮೋಸ ಮಾಡಿತು' ಅನ್ನೋದು. ಜಪಾನಿನವರು ಹೇಳಿದ್ದು 'ನಮ್ಮ ಮಾಲು ಚೆನ್ನಾಗಿತ್ತು' ಅಂತ. ಎರಡರಲ್ಲೂ ಸತ್ಯ ಇದೆ. ಆದರೆ ಬೆಲೆ ಬಿದ್ದಿದ್ದಕ್ಕೆ ಇವೆರಡಕ್ಕಿಂತ ದೊಡ್ಡ ಕಾರಣ, ಎರಡೂ ಕಡೆಯವರು ಒಂದೇ ಹೊತ್ತಿಗೆ ಫ್ಯಾಬ್ ಕಟ್ಟಿದ್ದು.

ಇಬ್ಬರ ಜಗಳ, ಮೂರನೆಯವನಿಗೆ ಲಾಭ

ಇದೇ ಹೊತ್ತಿಗೆ ಸೋಲ್ ನಗರದ ಹತ್ತಿರ ಏನಾಗ್ತಿತ್ತು ಅಂತ ನೋಡೋಣ. 1983ರ ಫೆಬ್ರವರಿ. ಸ್ಯಾಮ್‌ಸಂಗ್ ಸ್ಥಾಪಕ ಲೀ ಬ್ಯುಂಗ್-ಚುಲ್‌ಗೆ ಆಗ ಎಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ, ನಾವು ಮೆಮೊರಿ ಚಿಪ್‌ಗೆ ಇಳೀತೀವಿ ಅಂತ ಘೋಷಣೆ ಮಾಡಿದರು. 64ಕೆ ಚಿಪ್‌ನ ವಿನ್ಯಾಸವನ್ನ ಲೈಸೆನ್ಸ್ ಮೇಲೆ ಕೊಟ್ಟಿದ್ದು ಯಾರು ಗೊತ್ತಾ? ದುಡ್ಡಿಗೆ ತಾಪತ್ರಯ ಪಡುತ್ತಿದ್ದ ಅದೇ ಮೈಕ್ರಾನ್. ಗಿಹಂಗ್ ಅನ್ನೋ ಕಡೆ ಆರೇ ತಿಂಗಳಲ್ಲಿ ಫ್ಯಾಬ್ ಎದ್ದು ನಿಂತಿತು.

ಮಾಲು ಹೊರಬರೋ ಹೊತ್ತಿಗೆ ಸರಿಯಾಗಿ 1985ರ ಕುಸಿತ. ಸ್ಯಾಮ್‌ಸಂಗ್‌ಗೆ ಪ್ರತಿ ಚಿಪ್ ಮೇಲೂ ನಷ್ಟ. ಬೇರೆ ಯಾರಾದ್ರೂ ಆಗಿದ್ದರೆ ಮುಚ್ಚುತ್ತಿದ್ದರು. ಲೀ ಮುಚ್ಚಲಿಲ್ಲ. ಗುಂಪಿನ ಬೇರೆ ಕಂಪನಿಗಳ ದುಡ್ಡನ್ನ ತಂದು ಇಲ್ಲಿ ಸುರಿದು, ಇನ್ನಷ್ಟು ಲೈನ್ ಕಟ್ಟಿಸಿದರು.

ಅತ್ತ ಅಮೆರಿಕ ಮತ್ತು ಜಪಾನ್ 1986ರ ಸೆಪ್ಟೆಂಬರ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಜಪಾನಿನ ಚಿಪ್‌ಗೆ ಒಂದು ಕನಿಷ್ಠ ಬೆಲೆ ಗೊತ್ತಾಯಿತು. ಒಪ್ಪಂದ ಸರಿಯಾಗಿ ಪಾಲಿಸ್ತಿಲ್ಲ ಅಂತ 1987ರಲ್ಲಿ ಅಧ್ಯಕ್ಷ ರೇಗನ್, 30 ಕೋಟಿ ಡಾಲರ್ ಬೆಲೆಯ ಜಪಾನಿ ಸರಕಿನ ಮೇಲೆ ಶೇ. 100 ಸುಂಕ ಹಾಕಿದರು. ಚಿಪ್ ಉತ್ಪಾದನೆಗೆ ಕಡಿವಾಣ ಬಿತ್ತು. ಆಮೇಲೆ ಕಂಪ್ಯೂಟರ್ ಬೇಡಿಕೆ ಮತ್ತೆ ಏರಿತು. 1988ಕ್ಕೆ ಜಗತ್ತಿನಲ್ಲಿ ಮೆಮೊರಿ ಚಿಪ್‌ಗೆ ಬರ! ಬೆಲೆ ಜಿಗಿಯಿತು. ಆಗ ಕೈಯಲ್ಲಿ ಮಾಲು ಇಟ್ಕೊಂಡು ನಿಂತಿದ್ದವರಲ್ಲಿ ಸ್ಯಾಮ್‌ಸಂಗ್ ಒಂದು. ಅಲ್ಲಿವರೆಗಿನ ನಷ್ಟದ ಕಾಲ ಮುಗಿದು ಲಾಭ ಶುರುವಾಗಿದ್ದು ಆ ವರ್ಷ.

ಲೀ ಅದನ್ನ ನೋಡಲಿಲ್ಲ. 1987ರ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. 1992ರ ಹೊತ್ತಿಗೆ ಡಿ-ರ‍್ಯಾಮ್‌ನಲ್ಲಿ ಜಗತ್ತಿನ ನಂಬರ್ ಒನ್ ಸ್ಯಾಮ್‌ಸಂಗ್.

ಈ ವ್ಯಾಪಾರದ ಪಾಠ ಎಲ್ಲರಿಗೂ ಅರ್ಥ ಆಯ್ತು: ಬೆಲೆ ಬಿದ್ದಾಗ ಬಿತ್ತಿದವನು, ಬೆಲೆ ಎದ್ದಾಗ ಕೊಯ್ತಾನೆ. ಕೇಳೋಕೆ ಸುಲಭ. ಆದರೆ ಬೆಲೆ ಬಿದ್ದಾಗ ಬಿತ್ತೋಕೆ ಬೇರೆ ಕಡೆಯಿಂದ ದುಡ್ಡು ಬರಬೇಕು. ಶ್ರೀಮಂತ ಸಂಸ್ಥೆ, ಬ್ಯಾಂಕು ಅಥವಾ ಸರ್ಕಾರ ಬೆನ್ನಿಗಿರಬೇಕು. ಯಾರ ಚಿಪ್ ಚೆನ್ನಾಗಿದೆ ಅನ್ನೋದಕ್ಕಿಂತ ಯಾರ ಉಸಿರು ಉದ್ದ ಇದೆ ಅನ್ನೋದೇ ದೊಡ್ಡ ಪ್ರಶ್ನೆ ಆಯ್ತು.

ಒಂದು ದೇಶವೇ ನಡುಗಿದಾಗ

1995ರಲ್ಲಿ ವಿಂಡೋಸ್ 95 ಬಂತು. ಅದಕ್ಕೆ ಮೆಮೊರಿ ಜಾಸ್ತಿ ಬೇಕು. ಮತ್ತೆ ಭರಾಟೆ, ಮತ್ತೆ ಎಲ್ಲರ ಫ್ಯಾಬು. 1995ರಲ್ಲಿ ಸುಮಾರು 50 ಡಾಲರ್ ಇದ್ದ 16 ಮೆಗಾಬಿಟ್ ಚಿಪ್ 1996ರ ಕೊನೆಗೆ 10 ಡಾಲರ್ ಆಸುಪಾಸಿಗೆ ಬಂದು, ಇನ್ನೂ ಇಳೀತಾ ಹೋಯಿತು.

ಈ ಸಲ ಪೆಟ್ಟು ತಿಂದಿದ್ದು ದಕ್ಷಿಣ ಕೊರಿಯಾ. ಚಿಪ್ ಆಗ ಆ ದೇಶದ ಅತಿ ದೊಡ್ಡ ರಫ್ತು. 1996ರಲ್ಲಿ ಕೊರಿಯಾದ ಚಾಲ್ತಿ ಖಾತೆ ಕೊರತೆ ಸುಮಾರು 2,300 ಕೋಟಿ ಡಾಲರ್‌ಗೆ ಹೋಯಿತು. ಹೊರಗಿನಿಂದ ಬರುವ ಡಾಲರ್‌ಗಿಂತ ಹೊರಗೆ ಹೋಗುವ ಡಾಲರ್ ಅಷ್ಟು ಜಾಸ್ತಿ ಅಂತ ಅರ್ಥ. ಮರುವರ್ಷ ಏಷ್ಯಾದ ಹಣಕಾಸು ಬಿಕ್ಕಟ್ಟು ಬಂದಾಗ ದೇಶದ ಹತ್ತಿರ ಡಾಲರ್ ಇರಲಿಲ್ಲ. 1997ರ ಡಿಸೆಂಬರ್‌ನಲ್ಲಿ ಐಎಂಎಫ್ ನೇತೃತ್ವದಲ್ಲಿ ಸುಮಾರು 5,800 ಕೋಟಿ ಡಾಲರ್ ನೆರವಿನ ಒಪ್ಪಂದ ಆಯ್ತು. 1998ರ ಆರಂಭದಲ್ಲಿ ಕೊರಿಯಾದ ಜನ ಸಾಲುಗಟ್ಟಿ ನಿಂತು, ಮದುವೆ ಉಂಗುರ, ಮಕ್ಕಳ ಹುಟ್ಟುಹಬ್ಬದ ಉಂಗುರ ತಂದು ದೇಶದ ಸಾಲ ತೀರಿಸೋಕೆ ಕೊಟ್ಟರು. ಬಿಕ್ಕಟ್ಟಿಗೆ ಹತ್ತು ಕಾರಣ ಇದ್ದವು. ಬ್ಯಾಂಕುಗಳ ಸಾಲ, ದೊಡ್ಡ ಉದ್ಯಮಗಳ ದುರಾಸೆ, ಎಲ್ಲ ಇತ್ತು. ಅದರಲ್ಲಿ ಚಿಪ್ ಬೆಲೆಯ ಕುಸಿತವೂ ಒಂದು. ನಾನು ಈ ಕಥೆ ಓದುವಾಗ ಆ ಉಂಗುರಗಳ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತುಬಿಡ್ತೀನಿ.

ಸರ್ಕಾರದ ಒತ್ತಾಯಕ್ಕೆ 1999ರಲ್ಲಿ ಎಲ್‌ಜಿಯ ಚಿಪ್ ವಿಭಾಗ ಹ್ಯುಂಡೈ ತೆಕ್ಕೆಗೆ ಹೋಯಿತು. ಅದೇ ಮುಂದೆ ಹೈನಿಕ್ಸ್ ಆಗಿ, 2012ರಲ್ಲಿ ಎಸ್‌ಕೆ ಗುಂಪು ಕೊಂಡ ಮೇಲೆ ಎಸ್‌ಕೆ ಹೈನಿಕ್ಸ್ ಆಯಿತು. ಅಮೆರಿಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಮೆಮೊರಿ ವ್ಯಾಪಾರವನ್ನ 1998ರಲ್ಲಿ ಮೈಕ್ರಾನ್‌ಗೆ ಮಾರಿತು. ಹೆಸರು ಕೇಳಿದ ಹಾಗಿದೆಯಾ? 1985ರಲ್ಲಿ, ಅಂದ್ರೆ ಆ ಮೊದಲ ಕುಸಿತದ ವರ್ಷದಲ್ಲೇ, ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಕಂಪನಿ ಅದೇ. ಇವತ್ತಿನ ಬೆಂಗಳೂರಿನ ಚಿಪ್ ಡಿಸೈನ್ ಉದ್ಯಮದ ಬೇರು ಅಲ್ಲಿದೆ.

ಬೀಳಿಸಿದವರೇ ಕೈ ಕುಲುಕಿದರು

2001ರಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆಯಿತು. 2000ದಲ್ಲಿ ಜಗತ್ತಿನ ಒಟ್ಟು ಚಿಪ್ ಮಾರಾಟ ಸುಮಾರು 20,400 ಕೋಟಿ ಡಾಲರ್. 2001ರಲ್ಲಿ ಸುಮಾರು 13,900 ಕೋಟಿ. ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ಮಾಯ. 128 ಮೆಗಾಬಿಟ್ ಚಿಪ್ 1 ಡಾಲರ್‌ಗಿಂತ ಕೆಳಗೆ ಹೋಯಿತು. ಅದರೊಳಗೆ 1985ರ 64ಕೆ ಚಿಪ್ ಎರಡು ಸಾವಿರ ಹಿಡಿಯುತ್ತೆ, ಬೆಲೆ ಮಾತ್ರ ಅದೇ ಒಂದು ಡಾಲರ್‌ನ ಒಳಗೆ. ಆ ವರ್ಷದ ಕೊನೆಗೆ ತೋಷಿಬಾ ಕೈ ಎತ್ತಿತು. ಅಮೆರಿಕದಲ್ಲಿದ್ದ ಅದರ ಫ್ಯಾಬ್ ಕೊಂಡಿದ್ದು, ಮತ್ತೆ ಮೈಕ್ರಾನ್.

ಈ ಕಾಲದಲ್ಲಿ ಇನ್ನೊಂದು ನಡೆಯಿತು. 1999ರಿಂದ 2002ರ ನಡುವೆ ದೊಡ್ಡ ಕಂಪನಿಗಳ ಮಾರಾಟಗಾರರು ಗುಟ್ಟಾಗಿ ಮಾತಾಡಿಕೊಂಡು ಬೆಲೆ ಗೊತ್ತುಮಾಡ್ತಿದ್ದರು ಅಂತ ಅಮೆರಿಕದ ನ್ಯಾಯ ಇಲಾಖೆ ಹಿಡಿಯಿತು. ಇನ್‌ಫಿನಿಯಾನ್‌ಗೆ 16 ಕೋಟಿ ಡಾಲರ್ ದಂಡ, ಹೈನಿಕ್ಸ್‌ಗೆ 18.5 ಕೋಟಿ, ಸ್ಯಾಮ್‌ಸಂಗ್‌ಗೆ 30 ಕೋಟಿ, ಎಲ್ಪಿಡಾಗೆ 8.4 ಕೋಟಿ. ಕೆಲವು ಅಧಿಕಾರಿಗಳು ಜೈಲಿಗೂ ಹೋದರು. ತನಿಖೆಗೆ ಸಹಕರಿಸಿದ ಮೈಕ್ರಾನ್‌ಗೆ ದಂಡ ಬೀಳಲಿಲ್ಲ. ಬೆಲೆ ಇಳಿಸಿ ಒಬ್ಬರನ್ನೊಬ್ಬರು ಕೊಲ್ಲೋದು, ಇಲ್ಲಾಂದ್ರೆ ಸೇರಿಕೊಂಡು ಗಿರಾಕಿಯ ಜೇಬಿಗೆ ಕೈ ಹಾಕೋದು. ಮಧ್ಯದ ದಾರಿ ಇವರಿಗೆ ಸಿಗಲೇ ಇಲ್ಲ.

ಭರವಸೆ ಅನ್ನೋ ಹೆಸರಿನ ಕಂಪನಿ

2007ರಲ್ಲಿ ವಿಂಡೋಸ್ ವಿಸ್ಟಾ ಬಂತು. 95ರ ಹಾಗೆ ಇದೂ ಮೆಮೊರಿ ನುಂಗುತ್ತೆ ಅಂತ ಎಲ್ಲರೂ ದೊಡ್ಡ ದೊಡ್ಡ ಫ್ಯಾಬ್ ಕಟ್ಟಿ ಕೂತಿದ್ದರು. ಜನ ಅಷ್ಟು ಉತ್ಸಾಹದಿಂದ ಕೊಳ್ಳಲಿಲ್ಲ. ಮೇಲಿಂದ 2008ರ ಜಾಗತಿಕ ಹಣಕಾಸು ಬಿಕ್ಕಟ್ಟು. 1 ಗಿಗಾಬಿಟ್ ಚಿಪ್ ಕೂಡ 1 ಡಾಲರ್‌ಗಿಂತ ಕೆಳಗಿಳಿಯಿತು. ತೈವಾನಿನ ಹ್ಸಿಂಚು ಸೈನ್ಸ್ ಪಾರ್ಕ್‌ನಲ್ಲಿ ಎಂಜಿನಿಯರ್‌ಗಳನ್ನ ಸಂಬಳ ಇಲ್ಲದ ರಜೆ ಮೇಲೆ ಕಳಿಸಿದರು. 2009ರ ಜನವರಿಯಲ್ಲಿ ಜರ್ಮನಿಯ ಕ್ವಿಮೊಂಡಾ ದಿವಾಳಿ ಅರ್ಜಿ ಹಾಕಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡ್ತಿದ್ದ ಕಂಪನಿ. ಅದರ ಡ್ರೆಸ್ಡೆನ್ ಫ್ಯಾಬ್‌ನಲ್ಲಿ ಮೆಮೊರಿ ಚಿಪ್ ಮಾಡೋದು ಅಲ್ಲಿಗೆ ನಿಂತಿತು.

ನಂತರದ ಸರದಿ ಜಪಾನಿನದ್ದು. ಎನ್‌ಇಸಿ ಮತ್ತು ಹಿಟಾಚಿ ತಮ್ಮ ಡಿ-ರ‍್ಯಾಮ್ ವಿಭಾಗಗಳನ್ನ ಸೇರಿಸಿ 1999ರಲ್ಲಿ ಒಂದು ಕಂಪನಿ ಮಾಡಿದ್ದವು. ಆಮೇಲೆ ಅದಕ್ಕೆ ಎಲ್ಪಿಡಾ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಭರವಸೆ ಅಂತ ಅರ್ಥ. 80ರ ದಶಕದಲ್ಲಿ ಡಿ-ರ‍್ಯಾಮ್ ಲೋಕವನ್ನ ಆಳಿದ ಐದು ಜಪಾನಿ ಕಂಪನಿಗಳಿಂದ ಕೊನೆಗೆ ಉಳಿದಿದ್ದು ಈ ಒಂದೇ. 2009ರಲ್ಲಿ ಸರ್ಕಾರಿ ಬ್ಯಾಂಕ್ 3,000 ಕೋಟಿ ಯೆನ್ ಹಾಕಿ ಹಿಡಿದು ನಿಲ್ಲಿಸಿತು. ಆದರೆ ಯೆನ್ ದುಬಾರಿ, ಚಿಪ್ ಅಗ್ಗ. 2012ರ ಫೆಬ್ರವರಿ 27ರಂದು ಎಲ್ಪಿಡಾ ದಿವಾಳಿ ಅರ್ಜಿ ಹಾಕಿತು. ಸಾಲ 44,800 ಕೋಟಿ ಯೆನ್. ಎರಡನೇ ಮಹಾಯುದ್ಧದ ನಂತರ ಜಪಾನಿನ ತಯಾರಿಕಾ ವಲಯದಲ್ಲಿ ಅಲ್ಲಿವರೆಗಿನ ಅತಿ ದೊಡ್ಡ ದಿವಾಳಿ ಅದು.

ಕೊಂಡಿದ್ದು ಯಾರು? ಹೇಳಬೇಕಾ? ಮೈಕ್ರಾನ್. 1985ರಲ್ಲಿ ಜಪಾನಿನವರು ನಮ್ಮನ್ನ ಸಾಯಿಸ್ತಿದ್ದಾರೆ ಅಂತ ದೂರು ಕೊಟ್ಟ ಕಂಪನಿ, 2013ರಲ್ಲಿ ಜಪಾನಿನ ಕೊನೆಯ ಡಿ-ರ‍್ಯಾಮ್ ಕಂಪನಿಯನ್ನ ಸುಮಾರು 20,000 ಕೋಟಿ ಯೆನ್ ಲೆಕ್ಕದಲ್ಲಿ ತೆಗೆದುಕೊಂಡಿತು. ಹಿರೋಶಿಮಾದಲ್ಲಿರೋ ಆ ಫ್ಯಾಬ್‌ನ ಮಾಲೀಕರು ಈಗ ಅವರೇ.

ಮೂವರು ಉಳಿದ ಮೇಲೆ

ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಜಗತ್ತಿನ ಡಿ-ರ‍್ಯಾಮ್ ಮಾರಾಟದಲ್ಲಿ ಹತ್ತಕ್ಕೆ ಒಂಬತ್ತು ಭಾಗಕ್ಕಿಂತ ಹೆಚ್ಚು ಈ ಮೂವರ ಕೈಗೆ ಬಂತು. ಇನ್ನು ಮೇಲೆ ಹಳೇ ಹುಚ್ಚು ಇರೋದಿಲ್ಲ, ಮೂವರೂ ಲೆಕ್ಕ ಹಾಕಿ ಬಿತ್ತುತ್ತಾರೆ ಅಂತ ತಜ್ಞರು ಅಂದರು.

ಆಮೇಲೆ ಕೋವಿಡ್ ಬಂತು. ಎಲ್ಲರೂ ಲ್ಯಾಪ್‌ಟಾಪ್, ಫೋನ್ ಕೊಂಡರು. ಚಿಪ್ ಇಲ್ಲ ಅಂತ ಗಲಾಟೆ. ಎಲ್ಲರೂ ಉತ್ಪಾದನೆ ಏರಿಸಿದರು. 2022ರಲ್ಲಿ ಕೊಳ್ಳೋರು ನಿಂತುಹೋದರು, ಗೋಡೌನ್ ತುಂಬಿತು. 2023ರ ಮೊದಲ ಮೂರು ತಿಂಗಳಲ್ಲೇ ಸ್ಯಾಮ್‌ಸಂಗ್‌ನ ಚಿಪ್ ವಿಭಾಗಕ್ಕೆ 4.58 ಲಕ್ಷ ಕೋಟಿ ವಾನ್ ನಷ್ಟ. ಆ ವರ್ಷ ಎಸ್‌ಕೆ ಹೈನಿಕ್ಸ್‌ನ ಕಾರ್ಯಾಚರಣೆ ನಷ್ಟ 7.73 ಲಕ್ಷ ಕೋಟಿ ವಾನ್. ಮೈಕ್ರಾನ್‌ಗೆ ಸುಮಾರು 580 ಕೋಟಿ ಡಾಲರ್. ತಮಾಷೆ ನೋಡಿ: ಅದೇ 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು, ಮೆಮೊರಿ ಚಿಪ್ ನೆಲ ಕಚ್ಚಿತ್ತು.

ಆದರೆ ಈ ಸಲ ಯಾರೂ ಸಾಯಲಿಲ್ಲ. 2023ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಕೂಡ ಉತ್ಪಾದನೆ ಇಳಿಸ್ತೀವಿ ಅಂತ ಹೇಳಿತು. ಬೀಳೋ ಕಾಲದಲ್ಲಿ ಬಿತ್ತೋದನ್ನೇ ಕುಲಕಸುಬು ಮಾಡಿಕೊಂಡಿದ್ದ ಕಂಪನಿ ಹೀಗೆ ಹೇಳಿದ್ದು ದೊಡ್ಡ ಸುದ್ದಿ. ಮೂವರೇ ಇದ್ದಾಗ ನಿಲ್ಲಿಸೋದು ಸುಲಭ. ಅದರ ಹಿಂದೆಯೇ ಎಐ ಬಂತು. ಎಐ ಸರ್ವರ್‌ಗಳಿಗೆ ಬೇಕಾದ ವಿಶೇಷ ಮೆಮೊರಿ ಮಾಡೋದರಲ್ಲಿ ಲಾಭ ಹೆಚ್ಚು, ಹಾಗಾಗಿ ಫ್ಯಾಬ್‌ಗಳ ಜಾಗ ಆ ಕಡೆ ತಿರುಗಿತು. 2025ರ ಕೊನೆಗೆ ಮಾಮೂಲಿ ರ‍್ಯಾಮ್ ಬೆಲೆ ಜಿಗಿಯಿತು. ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡ್‌ನ ವ್ಯಾಪಾರ ನಿಲ್ಲಿಸ್ತೀವಿ ಅಂತ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಅಗ್ಗದ ಮಾಲು ನಮಗೆ ಪುಕ್ಕಟೆ ಸಿಕ್ಕಿತು ಅಂತ ಅಂದ್ಕೊಂಡಿದ್ದೆವು. ಹಾಗಾಗಲಿಲ್ಲ. ಬೆಲೆ ಬಿದ್ದಾಗಲೆಲ್ಲ ಮಾರೋರು ಕಡಿಮೆ ಆದರು. ಕಡಿಮೆ ಆದ ಮೇಲೆ, ಯಾವ ಗಿರಾಕಿಗೆ ಮಾಲು ಕೊಡಬೇಕು, ಯಾರನ್ನ ಕಾಯಿಸಬೇಕು ಅಂತ ಉಳಿದವರು ತೀರ್ಮಾನ ಮಾಡ್ತಾರೆ. ನಿಮ್ಮ ಮುಂದಿನ ಫೋನಿನ ಬಿಲ್ಲಿನಲ್ಲಿ ಮೋಸ್ಟೆಕ್, ಕ್ವಿಮೊಂಡಾ, ಎಲ್ಪಿಡಾ ಇಲ್ಲದೇ ಹೋದದ್ದರ ಲೆಕ್ಕವೂ ಸೇರಿರುತ್ತೆ.

ನಮಗೇನು ಅಂದ್ರೆ

ಕೊನೆಯದಾಗಿ ಒಂದು ಮಾತು, ಮುಖ್ಯವಾಗಿ ಎಂಜಿನಿಯರಿಂಗ್ ಓದ್ತಿರೋರಿಗೆ. ಈಗ ಎಲ್ಲ ಕಡೆ ಚಿಪ್, ಚಿಪ್ ಅಂತ ಕೇಳ್ತಿದೆ. ಮೈಕ್ರಾನ್ ಗುಜರಾತಿನ ಸಾಣಂದ್‌ನಲ್ಲಿ ಚಿಪ್ ಜೋಡಣೆ ಮತ್ತು ಪರೀಕ್ಷೆಯ ಘಟಕ ಕಟ್ಟೋ ಯೋಜನೆ ಪ್ರಕಟಿಸಿದ್ದು 2023ರ ಜೂನ್‌ನಲ್ಲಿ. ಗಮನಿಸಿದಿರಾ? ನಷ್ಟದಲ್ಲಿ ಮುಳುಗಿದ್ದ ವರ್ಷ ಅದು. ಒಟ್ಟು 275 ಕೋಟಿ ಡಾಲರ್ ಯೋಜನೆಯಲ್ಲಿ ಕಂಪನಿಯ ಪಾಲು 82.5 ಕೋಟಿವರೆಗೆ, ಉಳಿದದ್ದು ಕೇಂದ್ರ ಮತ್ತು ಗುಜರಾತ್ ಸರ್ಕಾರಗಳದ್ದು. ಬೆಲೆ ಬಿದ್ದಾಗ ಬಿತ್ತಬೇಕು, ಬೇರೆಯವರ ದುಡ್ಡಲ್ಲಿ ಬಿತ್ತಬೇಕು ಅನ್ನೋ ಪಾಠ ಅವರಿಗೆ ಚೆನ್ನಾಗಿ ಬಂದಿದೆ. ಅಮೆರಿಕ, ಚೀನಾ, ಜಪಾನ್, ಕೊರಿಯಾ ಸರ್ಕಾರಗಳೂ ಈಗ ದುಡ್ಡು ಸುರೀತಿವೆ. ಎಲ್ಲರ ಫಸಲೂ ಒಟ್ಟಿಗೆ ಬಂದರೆ ಏನಾಗುತ್ತೆ ಅಂತ ಇಷ್ಟೊತ್ತು ಕೇಳಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಂತ ಚಿಪ್ ಕಡೆ ಹೋಗಬೇಡಿ ಅಂತ ಹೇಳ್ತಿಲ್ಲ. ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೇ ಇದೆ, ವಿನ್ಯಾಸದಲ್ಲಿ ನಮ್ಮವರ ಕೈ ಪಳಗಿದೆ. ಹೋಗಿ, ಖಂಡಿತ ಹೋಗಿ. ಆದರೆ ಬೆಲೆ ಏರಿದ ವರ್ಷದ ಹೆಡ್‌ಲೈನ್ ಮಾತ್ರ ನೋಡಿ ಸೇರಬೇಡಿ. ಈ ನಲವತ್ತು ವರ್ಷದಲ್ಲಿ ಕೆಲಸ ಕಳೆದುಕೊಂಡ ಬಾಯ್ಸಿಯವರು, ಡ್ರೆಸ್ಡೆನ್‌ನವರು, ಹ್ಸಿಂಚುವಿನವರು ದಡ್ಡರಾಗಿರಲಿಲ್ಲ. ಅವರು ಮಾಡಿದ ಚಿಪ್ ಚೆನ್ನಾಗಿಯೇ ಇತ್ತು. ಅವರ ಕಂಪನಿಗೆ ಎರಡು ಕೆಟ್ಟ ವರ್ಷ ತಡೆದುಕೊಳ್ಳೋ ಶಕ್ತಿ ಇದೆಯಾ ಅನ್ನೋದು ಅವರ ಕೈಯಲ್ಲಿ ಇರಲಿಲ್ಲ, ಅಷ್ಟೇ. ಕೆಲಸದ ಆಫರ್ ಲೆಟರ್ ಕೈಗೆ ಬಂದ ದಿನ ಸಂಬಳದ ಜೊತೆ ಅದನ್ನೂ ಒಂದು ಸಲ ವಿಚಾರಿಸಿ. ಕಳೆದ ಸಲ ಬೆಲೆ ಬಿದ್ದಾಗ ಈ ಕಂಪನಿ ಏನು ಮಾಡಿತ್ತು, ಯಾರನ್ನ ಮನೆಗೆ ಕಳಿಸಿತ್ತು ಅಂತ ಕೇಳಿ.

ಈ ಸಂಚಿಕೆ ಇಷ್ಟ ಆಗಿದ್ದರೆ, ರ‍್ಯಾಮ್ ರೇಟು ನೋಡಿ ತಲೆ ಬಿಸಿ ಮಾಡ್ಕೊಂಡಿರೋ ಗೆಳೆಯರಿಗೆ ಕಳಿಸಿ.